ಪೂಜೆಗೆ ಆಫ್ ಮಾಡಿದ ಸರ್ವರ್

ವಿಜಯದಶಮಿಯ ಬೆಳಿಗ್ಗೆ ಪ್ರಮೋದಾ ಸರ್ವರಿನ ಗುಂಡಿ ಒತ್ತಿದಾಗ ಅದರ ಫ್ಯಾನುಗಳು ಗುರ್ರೆಂದವು, ಮುಂದಿನ ಹಸಿರು ದೀಪ ಹತ್ತಿಕೊಂಡಿತು. ರಾತ್ರಿಯೆಲ್ಲ ಎದೆಯಲ್ಲಿ ಕೂತಿದ್ದ ಭಾರ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮಗ್ಗದ ಶೆಡ್ಡಿನಿಂದ ಮೇಸ್ತ್ರಿ ಮುನೀಂದ್ರನ ಕೂಗು ಬಂತು.

"ಪ್ರಮೋದಮ್ಮಾ, ಡಿಸೈನು ಬರ್ತಿಲ್ಲ ಕಣಮ್ಮ! ಒಂದು ಮಗ್ಗಕ್ಕೂ ಬರ್ತಿಲ್ಲ!"

ಅವಳು ತನ್ನ ಮೇಜಿನ ಮೇಲಿದ್ದ ಮಾನಿಟರಿನ ವೈರು ಕಿತ್ತು ಸರ್ವರಿನ ಹಿಂಬದಿಗೆ ಸಿಕ್ಕಿಸಿದಳು. ಆ ಕಪ್ಪು ಪೆಟ್ಟಿಗೆಗೆ ಇಷ್ಟು ವರ್ಷ ಯಾರೂ ಮಾನಿಟರ್ ಜೋಡಿಸಿರಲಿಲ್ಲ. ಜೋಡಿಸುವ ಪ್ರಸಂಗವೇ ಬಂದಿರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು ಇತ್ತು. ಶುರುಮಾಡಲು ಯಾವ ಸಿಸ್ಟಮ್ಮೂ ಸಿಗುತ್ತಿಲ್ಲ, ಸರಿಯಾದ ಡಿಸ್ಕ್ ಹಾಕಿ, ಎಂದಿತ್ತು ಅದು.



ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಸೀರೆ ನೇಯದ ಮನೆ ಹುಡುಕಬೇಕು. ಮಾಲೀಕ ಭಾನುಪ್ರಕಾಶರದ್ದು ಕೆಳಗೆ ಮಗ್ಗ, ಮೇಲೆ ಮನೆ. ಅವರ ಮಗ್ಗಗಳೆಲ್ಲ ಎಲೆಕ್ಟ್ರಾನಿಕ್ ಜಕಾರ್ಡಿನವು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗಕ್ಕೆ ಹೇಳುವುದು ಈ ಜಕಾರ್ಡ್ ಪೆಟ್ಟಿಗೆ. ಹಿಂದೆ ತೂತು ಕೊರೆದ ರಟ್ಟಿನ ಹಾಳೆಗಳ ಸರ ಅದಕ್ಕೆ ಡಿಸೈನು ಉಣಿಸುತ್ತಿತ್ತು. ಈಗ ಆ ಕೆಲಸ ಕಂಪ್ಯೂಟರ್ ಫೈಲಿನದು. ಫೈಲುಗಳನ್ನು ಬರೆಯುವವಳು ಪ್ರಮೋದಾ. ಡಿಪ್ಲೊಮಾ ಮುಗಿಸಿ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಒಂದು ವರ್ಷ ಶಿಫ್ಟು ದುಡಿದು, ಅದು ಬೇಡವೆಂದು ಇಲ್ಲಿಗೆ ಬಂದವಳು. ಅಂಚಿನ ಗೋಪುರ, ಸೆರಗಿನ ನವಿಲು, ಒಡಲಿನ ಮಾವಿನಕಾಯಿ ಬುಟ್ಟಾ ಎಲ್ಲವೂ ಅವಳ ಕೈಯಿಂದ ಹೊರಟು ಆ ಕಪ್ಪು ಪೆಟ್ಟಿಗೆ ಸೇರುತ್ತಿದ್ದವು. ಅದರೊಳಗೆ ನಾಲ್ಕು ಡಿಸ್ಕುಗಳಿದ್ದವು. ನಾಲ್ಕೂ ಸೇರಿ ಒಂದೇ ದೊಡ್ಡ ಉಗ್ರಾಣದಂತೆ ಕೆಲಸ ಮಾಡುತ್ತಿದ್ದವು. ಮಗ್ಗಗಳು ವೈರಿನ ಮೂಲಕ ಅಲ್ಲಿಂದಲೇ ಡಿಸೈನು ತೆಗೆದುಕೊಳ್ಳುತ್ತಿದ್ದವು.

ಬೇರೆ ಕಡೆ ನಕಲು ಇರಲಿಲ್ಲ. ಯಾಕೆ ಇರಲಿಲ್ಲ ಎಂದರೆ ಆ ಊರಿನಲ್ಲಿ ಡಿಸೈನಿನ ಕಳ್ಳತನ ದಿನನಿತ್ಯದ ಮಾತು. ಇವತ್ತು ಇಲ್ಲಿ ಮಗ್ಗಕ್ಕೆ ಏರಿದ ಸೆರಗು ಮುಂದಿನ ವಾರ ಇನ್ನೊಬ್ಬರ ಅಂಗಡಿಯಲ್ಲಿ ನೇತಾಡುತ್ತದೆ. ಅವಳಿಗಿಂತ ಮೊದಲು ಇಲ್ಲಿದ್ದ ಕಾಂತರಾಜು ಒಂದು ಪೆನ್‌ಡ್ರೈವಿನಲ್ಲಿ ಮದುವೆ ಸೀಸನ್ನಿನ ಡಿಸೈನುಗಳನ್ನು ಹಾಕಿಕೊಂಡು ಹೋಗಿ ಎದುರು ಪಾರ್ಟಿಗೆ ಮಾರಿದ ಎಂದು ಅವನನ್ನು ಓಡಿಸಿದ್ದರು. ಅಂದಿನಿಂದ ಡಿಸೈನ್ ರೂಮಿನೊಳಗೆ ಪೆನ್‌ಡ್ರೈವ್ ತರುವಂತಿಲ್ಲ. ನಕಲು ಇಡಲೆಂದು ಪ್ರಮೋದಾ ಹಟ ಹಿಡಿದು ಒಂದು ಹೊರಗಿನ ಡಿಸ್ಕ್ ತರಿಸಿದ್ದಳು. ಭಾನುಪ್ರಕಾಶ್ ಅದನ್ನು ತಮ್ಮ ಬಾಮೈದ ಭೀಮರಾಜನ ಮದುವೆ ವಿಡಿಯೋ ತುಂಬಲು ಮೇಲೆ ತೆಗೆದುಕೊಂಡು ಹೋದರು. ಮದುವೆ ಮುಗಿದು ಮಗುವಾಯಿತು, ಡಿಸ್ಕ್ ಕೆಳಗಿಳಿಯಲಿಲ್ಲ.

ಈಗ ಈ ಪೆಟ್ಟಿಗೆ ಏಳದಿದ್ದರೆ ಡಿಸೈನುಗಳೆಲ್ಲ ಹೋದಂತೆ. ಹೋದವು ಎಂದರೆ ಯಾರೂ ಹೋದವು ಎನ್ನುವುದಿಲ್ಲ, ಪ್ರಮೋದಾ ಏನೋ ಮಾಡಿದಳು ಎನ್ನುತ್ತಾರೆ. ಕಾಂತರಾಜುವಿನ ಬಗ್ಗೆ ಆಡಿದ ಮಾತೆಲ್ಲ ಅವಳ ಕಿವಿಯಲ್ಲೇ ಇತ್ತು. ಅದರಲ್ಲಿ ಒಂದೆರಡು ಅವಳೂ ಆಡಿದ್ದಳು.

ಇಷ್ಟಕ್ಕೂ ಇದು ಆಗಿದ್ದು ಹಿಂದಿನ ದಿನದ ಆಯುಧ ಪೂಜೆಯಲ್ಲಿ. ಪ್ರತಿ ವರ್ಷ ಆ ದಿನ ಮಗ್ಗಗಳನ್ನೆಲ್ಲ ನಿಲ್ಲಿಸಿ, ತೊಳೆದು ಒರೆಸಿ, ಬಾಳೆಕಂದು ಕಟ್ಟಿ ಪೂಜೆ ಮಾಡುತ್ತಿದ್ದರು. ಸರ್ವರ್ ಪೆಟ್ಟಿಗೆಗೂ ಒಂದು ಮೊಳ ಸೇವಂತಿಗೆ ಬೀಳುತ್ತಿತ್ತು. ಆದರೆ ಅದು ಓಡುತ್ತಲೇ ಇರುತ್ತಿತ್ತು. ಕೂರಿಸಿಹೋದವನು ಇದನ್ನು ಯಾವತ್ತೂ ಆಫ್ ಮಾಡಬೇಡಿ ಎಂದಿದ್ದ. ಈ ವರ್ಷ ಭಾನುಪ್ರಕಾಶರ ತಾಯಿ ಗಂಗಲಕ್ಷ್ಮಮ್ಮನವರ ಕಣ್ಣು ಅದರ ಮಿಣುಕು ದೀಪದ ಮೇಲೆ ಬಿತ್ತು.

"ಅದ್ಯಾಕೆ ಇನ್ನೂ ಬಡ್ಕೊಂತಾ ಐತೆ?"

"ಅದು ಸರ್ವರ್ ಅಜ್ಜಿ. ಆಫ್ ಮಾಡೋ ಹಂಗಿಲ್ಲ."

"ಕತ್ರಿಗೂ ಒಂದಿನ ರಜ ಐತೆ. ತಕ್ಕಡಿಗೂ ರಜ ಐತೆ. ಇವನೊಬ್ಬ ಏನು ಮಹಾರಾಜನಾ? ಓಡೋ ಯಂತ್ರಕ್ಕೆ ಕುಂಕುಮ ಇಟ್ರೆ ಪೂಜೆ ಅಂತಾರಾ ಅದನ್ನ?"

ಭಾನುಪ್ರಕಾಶ್ ಅಂದು ಹೊಸ ಪಂಚೆಯಲ್ಲಿದ್ದರು, ವಾದ ಮಾಡುವ ಮನಸ್ಸಿನಲ್ಲಿರಲಿಲ್ಲ. "ಆಫ್ ಮಾಡ್ಬಿಡು ಪ್ರಮೋದಾ. ಒಂದಿನ ತಾನೇ," ಎಂದರು.

ಅವಳು ಆಫ್ ಮಾಡಿದಳು. ಸರಿಯಾದ ಕ್ರಮದಲ್ಲೇ ಮಾಡಿ, ವೈರು ಕಿತ್ತು, ಮುನೀಂದ್ರನೊಂದಿಗೆ ಹಿಡಿದು ದೇವಿಯ ಪಟದ ಮುಂದಿನ ಮಣೆಯ ಮೇಲೆ ಇಟ್ಟಳು. ಅಜ್ಜಿ ಅದನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ನಾಲ್ಕು ಡಿಸ್ಕಿನ ಬಾಗಿಲುಗಳಿಗೂ ಒಂದೊಂದು ಬೊಟ್ಟು ಇಟ್ಟರು. ಮಂಗಳಾರತಿಯಾದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಬಂತು, ಆದರೆ ವೈರು ಬೆಳಗಿನವರೆಗೆ ಸಿಕ್ಕಿಸುವಂತಿರಲಿಲ್ಲ. ಫ್ಯಾನಿನ ಸದ್ದಿಲ್ಲದ ಆ ರೂಮನ್ನು ಪ್ರಮೋದಾ ಅದುವರೆಗೆ ಕೇಳಿರಲೇ ಇಲ್ಲ.

ಈಗ ಅವಳು ಪೆಟ್ಟಿಗೆಯನ್ನು ಮತ್ತೆ ಶುರುಮಾಡಿ, ಡಿಲೀಟ್ ಕೀಲಿಯನ್ನು ಬಿಡದೆ ಒತ್ತಿ ಬಯಾಸ್ ಒಳಗೆ ಹೋದಳು. ಯಂತ್ರ ಎಚ್ಚರವಾಗುವಾಗ ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಎಂಬ ಆಜ್ಞೆಗಳೆಲ್ಲ ಇರುವುದು ಅಲ್ಲಿ. ನೀಲಿ ಪರದೆ ಬಂತು. ಮೂಲೆಯಲ್ಲಿ ತಾರೀಖು ಯಾವುದೋ ಹಳೇ ವರ್ಷದ ಜನವರಿ ಒಂದು ಎಂದಿತ್ತು. ಅದನ್ನು ನೋಡಿದಳು, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಅವಳು ಹುಡುಕುತ್ತಿದ್ದುದು ಬೇರೆ. ಸರ್ವರಿನ ಸಿಸ್ಟಮ್ ಇದ್ದುದು ಪೆಟ್ಟಿಗೆಯೊಳಗೆ ಬೋರ್ಡಿಗೇ ಸಿಕ್ಕಿಸಿದ್ದ ಒಂದು ಸಣ್ಣ ಡ್ರೈವಿನಲ್ಲಿ. ಯಂತ್ರ ಅದನ್ನು ಬಿಟ್ಟು ದೊಡ್ಡ ಡಿಸ್ಕುಗಳಲ್ಲಿ ಸಿಸ್ಟಮ್ ಹುಡುಕುತ್ತಿತ್ತು. ಸಣ್ಣ ಡ್ರೈವನ್ನು ಸಾಲಿನಲ್ಲಿ ಮೊದಲಿಗೆ ತಂದಳು, ಸೇವ್ ಮಾಡಿದಳು, ಹೊರಬಂದಳು.

ಯಂತ್ರ ಮತ್ತೆ ಏಳುವಾಗ ಅವಳು ಎಂದೂ ಕಾಣದ ಒಂದು ಪರದೆ ಬಂದು ನಿಂತಿತು. ನಾಲ್ಕು ಡಿಸ್ಕ್ ಸಿಕ್ಕಿವೆ, ಅವುಗಳ ನಡುವೆ ಯಾವ ಜೋಡಣೆಯೂ ಇಲ್ಲ, ಜೋಡಿಸಬೇಕಾದರೆ ಈ ಕೀಲಿ ಒತ್ತಿ, ಎಂದು.

ಯಾವ ಜೋಡಣೆಯೂ ಇಲ್ಲ. ಆ ಸಾಲನ್ನು ಅವಳು ಮತ್ತೆ ಮತ್ತೆ ಓದಿದಳು.

ಸರ್ವರ್ ಕೂರಿಸಿದ ಬೆಂಗಳೂರಿನ ಕಂಪನಿಯ ಸರ್ವೀಸಿನವನು ಆನಂದ್. ಹಬ್ಬಕ್ಕೆ ಊರಿಗೆ ಹೊರಟಿದ್ದ. ಫೋನಿನಲ್ಲಿ ಅವನ ಮಾತಿಗಿಂತ ಬಸ್ಸಿನ ಹಾರ್ನೇ ಹೆಚ್ಚು ಕೇಳುತ್ತಿತ್ತು.

"ಜೋಡಣೆ ಇಲ್ಲ ಅಂತಿದೆಯಾ? ಹಾಗಾದ್ರೆ ಒಳಗೆ ಹೋಗಿ ಮೇಡಂ. ನಾಲ್ಕನ್ನೂ ಸೆಲೆಕ್ಟ್ ಮಾಡಿ. ಕ್ರಿಯೇಟ್ ಕೊಡಿ."

ಅವಳು ಒಂದೊಂದೇ ಮಾಡಿದಳು. ಕೊನೆಗೆ ಪರದೆಯ ನಡುವೆ ಕೆಂಪು ಚೌಕ ತೆರೆಯಿತು. ಡಿಸ್ಕುಗಳಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ? ಹೌದಾದರೆ ವೈ, ಬೇಡವಾದರೆ ಎನ್.

"ಆನಂದ್, ಎಲ್ಲಾ ಅಳಿಸುತ್ತೆ ಅಂತಿದೆ."

"ಅದು ಹಾಗೇ ಬರುತ್ತೆ ಮೇಡಂ. ಸ್ಟ್ಯಾಂಡರ್ಡ್ ಮೆಸೇಜ್. ಮೊದಲು ಇದ್ದ ಥರಾನೇ ಜೋಡಿಸಿದ್ರೆ ಡೇಟಾ ವಾಪಸ್ ಬರ್ಬೇಕು."

"ಬರ್ಬೇಕು ಅಂದ್ರೆ? ಬರುತ್ತೋ, ಬರ್ಬೇಕೋ?"

ಒಂದು ಹಾರ್ನು ಕೇಳಿಸಿತು. "ಮೇಡಂ, ನಾನ್ ಕೂರ್ಸಿದ್ದಲ್ಲ ಅದು. ಕೂರ್ಸಿದೋನು ಕೆಲಸ ಬಿಟ್ಟು ದುಬೈಗೆ ಹೋದ. ನೈಂಟಿ ಪರ್ಸೆಂಟ್ ಬರುತ್ತೆ."

ಬಾಗಿಲಲ್ಲಿ ಭಾನುಪ್ರಕಾಶ್ ನಿಂತಿದ್ದರು, ಅವರ ಹೆಗಲ ಹಿಂದೆ ಮುನೀಂದ್ರ. ವಿಜಯದಶಮಿಯಂದು ಒಳ್ಳೆ ಹೊತ್ತಿನಲ್ಲಿ ಮೊದಲ ಮಗ್ಗ ಓಡಬೇಕು. ಹೊಸ ಸೀರೆಯ ನಾಲ್ಕು ಬೆರಳಿನಷ್ಟಾದರೂ ನೇಯ್ದರೆ ಆ ವರ್ಷ ಮಗ್ಗ ನಿಲ್ಲುವುದಿಲ್ಲ ಎಂದು ಆ ಬೀದಿಯವರ ನಂಬಿಕೆ. ಅಕ್ಕಪಕ್ಕದ ಶೆಡ್ಡುಗಳಿಂದ ಆಗಲೇ ಖಟಖಟ ಸದ್ದು ಶುರುವಾಗಿತ್ತು.

"ಏನಂತಾನೆ?" ಎಂದರು ಭಾನುಪ್ರಕಾಶ್.

"ವೈ ಒತ್ತು ಅಂತಾನೆ ಸಾರ್."

"ಒತ್ತು ಮತ್ತೆ. ರಾಹುಕಾಲ ಬರೋದ್ರೊಳಗೆ ಒಂದು ಮಗ್ಗ ಓಡ್ಲಿ."

"ಅಳಿಸಿಹೋಗ್ಬೋದು."

"ಎಷ್ಟು?"

"ಎಲ್ಲಾ."

ಭಾನುಪ್ರಕಾಶರ ಮುಖದ ಮೇಲಿನ ವಿಭೂತಿ ಹಾಗೇ ಇತ್ತು, ಮುಖ ಮಾತ್ರ ಇಳಿಯಿತು. ಹೆದರಿದಾಗ ಅವರಿಗೆ ಕೋಪ ಬರುತ್ತದೆ. "ನಿನ್ನೆವರೆಗೂ ಓಡ್ತಿತ್ತಲ್ಲಮ್ಮ! ಏನು ಮಾಡಿದೆ ನೀನು?"

ಬಂತು, ಎಂದುಕೊಂಡಳು ಪ್ರಮೋದಾ. ಬೆಳಿಗ್ಗೆಯಿಂದ ಕಾಯುತ್ತಿದ್ದ ಮಾತು ಇಷ್ಟು ಬೇಗ ಬಂತು.

"ಆಫ್ ಮಾಡಿದೆ ಸಾರ್. ನೀವು ಹೇಳಿದ್ರಿ."

ಮುನೀಂದ್ರ ಗಂಟಲು ಕೆರೆದುಕೊಂಡು, "ಕಂಡೋರ್ ಕಣ್ಣು ಬಿದ್ದಿರ್ಬೇಕು ಬುಡಿ. ಇನ್ನೊಂದು ಬೂದಗುಂಬಳ ಒಡೆಯಾನಾ ಸಾರ್?" ಎಂದ.

ಪ್ರಮೋದಾ ಪರದೆಯನ್ನೇ ನೋಡುತ್ತಿದ್ದಳು. ಬೆರಳು ಕೀಲಿಗಳ ಮೇಲೆ ತೇಲುತ್ತಿತ್ತು, ಇಳಿಯುತ್ತಿರಲಿಲ್ಲ. ಅವಳು ಯೋಚಿಸಲು ಪ್ರಯತ್ನಿಸಿದಳು. ಈ ನಾಲ್ಕು ಡಿಸ್ಕುಗಳನ್ನು ಜೋಡಿಸಿದವರು ಯಾರು? ಈ ಪರದೆ ಬೋರ್ಡಿನದು. ಬೋರ್ಡೇ ಜೋಡಿಸಿದ್ದರೆ ತಾನು ಹಾಕಿದ ಗಂಟು ಅದಕ್ಕೆ ಗುರುತು ಸಿಗಬೇಕಿತ್ತು. ಜೋಡಣೆಯೇ ಇಲ್ಲ ಎನ್ನುತ್ತಿದೆ. ಹಾಗಾದರೆ ಗಂಟು ಹಾಕಿದ್ದು ಬೇರೆ ಯಾರೋ. ಬೇರೆ ಎಂದರೆ ಆ ಸಣ್ಣ ಡ್ರೈವಿನಲ್ಲಿರುವ ಸಿಸ್ಟಮ್ಮೇ ಇರಬೇಕು. ಅದಿನ್ನೂ ಎದ್ದೇ ಇಲ್ಲ. ಮಲಗಿರುವವನನ್ನು ಕೇಳದೆ ಬಾಗಿಲಲ್ಲಿ ನಿಂತವನ ಮಾತಿಗೆ ಹೂಂ ಅನ್ನುವುದು ಹೇಗೆ?

ಆದರೆ ಇದು ಅವಳ ಲೆಕ್ಕಾಚಾರ ಅಷ್ಟೇ. ಆನಂದನದು ನೈಂಟಿ ಪರ್ಸೆಂಟ್, ತನ್ನದು ಎಷ್ಟು ಪರ್ಸೆಂಟ್ ಎಂದು ಅವಳಿಗೆ ಗೊತ್ತಿರಲಿಲ್ಲ.

ಎನ್ ಒತ್ತಿದಳು. ಚೌಕ ಮುಚ್ಚಿತು. ಯಂತ್ರ ಆಫ್ ಮಾಡಿ ಗೋಡೆಯಿಂದ ವೈರನ್ನೂ ಕಿತ್ತಳು.

"ಯಾಕೆ ಕಿತ್ತೆ?" ಎಂದರು ಭಾನುಪ್ರಕಾಶ್.

"ಡಿಸ್ಕು ಆಚೆ ತೆಗೀತೀನಿ. ಒಳಗೆ ಇಲ್ದಿದ್ರೆ ಯಾರೂ ಅಳ್ಸಕ್ಕಾಗಲ್ಲ."

ಬೊಟ್ಟು ಇಟ್ಟ ಬಾಗಿಲುಗಳನ್ನು ತೆರೆದು ಡಿಸ್ಕುಗಳನ್ನು ಒಂದೊಂದಾಗಿ ಎಳೆದು, ಇದ್ದ ಸಾಲಿನಲ್ಲೇ ಮೇಜಿನ ಮೇಲೆ ಇಟ್ಟಳು. ಅಂಗೈ ಅಗಲದ ನಾಲ್ಕು ಇಟ್ಟಿಗೆಗಳಂತೆ ಕಾಣುತ್ತಿದ್ದವು. ಮುನೀಂದ್ರ ಹತ್ತಿರ ಬಂದಾಗ, "ಮುಟ್ಬೇಡಿ ಅಣ್ಣ," ಎಂದು ಕಿರುಚಿಯೇಬಿಟ್ಟಳು. ಅವನು ಬಿಸಿ ಬಾಣಲೆ ಮುಟ್ಟಿದವನ ಹಾಗೆ ಕೈ ಹಿಂದೆ ಎಳೆದುಕೊಂಡ.

ವೈರು ಸಿಕ್ಕಿಸಿ ಮತ್ತೆ ಬಯಾಸ್ ಒಳಗೆ ಹೋದಳು. ಡಿಸ್ಕುಗಳನ್ನು ಹೇಗೆ ಕಾಣಬೇಕು ಎಂದು ಹೇಳುವ ಜಾಗ ಹುಡುಕಬೇಕಿತ್ತು. ಆದರೆ ಮೊದಲು ಕಣ್ಣಿಗೆ ಬಿದ್ದದ್ದು ಬೇರೆ. ಸಣ್ಣ ಡ್ರೈವು ಮತ್ತೆ ಸಾಲಿನ ಕೊನೆಗೆ ಹೋಗಿತ್ತು. ಈಗಷ್ಟೇ ಅದನ್ನು ಮೊದಲಿಗೆ ತಂದು ಸೇವ್ ಮಾಡಿದ್ದಳು. ಮಾಡಿದ್ದೆನೇ? ಮತ್ತೆ ಮಾಡಿದಳು. ಸೇವ್ ಒತ್ತುವಾಗ ಗಟ್ಟಿಯಾಗಿ "ಸೇವ್" ಎಂದಳು. ಪರೀಕ್ಷೆಗೆಂದು ವೈರು ಕಿತ್ತು ಸಿಕ್ಕಿಸಿ ಒಳಗೆ ಹೋಗಿ ನೋಡಿದರೆ ಡ್ರೈವು ಮತ್ತೆ ಕೊನೆಯಲ್ಲಿ ಕೂತಿತ್ತು.

ಅವಳಿಗೆ ಅಳು ಬರುವಂತಾಯಿತು. ಯಂತ್ರ ಕೆಟ್ಟಿದ್ದರೆ ಕೆಟ್ಟಿದೆ ಎನ್ನಬಹುದು. ಇದು ಕೇಳಿಸಿಕೊಂಡು, ತಲೆಯಾಡಿಸಿ, ಬೆನ್ನು ತಿರುಗಿಸಿದೊಡನೆ ಮರೆಯುತ್ತಿತ್ತು. ಆನಂದನಿಗೆ ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು.

"ಹೇಳಿ ಮೇಡಂ, ಟೀಗೆ ಇಳ್ದಿದ್ದೆ. ವೈ ಒತ್ತಿದ್ರಾ?"

"ಇಲ್ಲ. ಸೇವ್ ಮಾಡಿದ್ದು ನಿಲ್ತಾ ಇಲ್ಲ. ವೈರ್ ಕಿತ್ರೆ ಮರ್ತ್ಬಿಡುತ್ತೆ."

"ಮೂಲೇಲಿ ತಾರೀಖು ಎಷ್ಟು ತೋರಿಸ್ತಿದೆ?"

"ಯಾವುದೋ ಕಾಲದ ಜನವರಿ ಒಂದು."

"ಅಯ್ಯೋ ಮೇಡಂ! ಅದನ್ನ ಮೊದ್ಲೇ ಹೇಳ್ಬಾರ್ದಾ? ಬ್ಯಾಟ್ರಿ ಸತ್ತಿದೆ. ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತೆ ನೋಡಿ. ಕರೆಂಟ್ ಇಲ್ದಿದ್ದಾಗ ಸೆಟ್ಟಿಂಗ್ ನೆನಪಿಟ್ಕೊಳ್ಳೋದು ಅದೇ. ಯಾವತ್ತು ಸತ್ತಿತ್ತೋ. ನೀವು ಆಫೇ ಮಾಡಿಲ್ವಲ್ಲ, ಗೊತ್ತಾಗಿಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ಸೆಟ್ಟಿಂಗೆಲ್ಲ ಫ್ಯಾಕ್ಟ್ರಿದಕ್ಕೆ ಹೋಗಿರುತ್ತೆ. ವೈ ಒತ್ಬೇಡಿ ಮೇಡಂ. ನಾನ್ ಹೇಳಿದ್ದು ಬಿಟ್ಟಾಕಿ," ಎಂದ.

ಅವಳು ಫೋನಿಟ್ಟು, ಬ್ಯಾಟರಿ ಸತ್ತಿದೆಯಂತೆ, ವೈ ಒತ್ತಬಾರದಂತೆ ಎಂದು ಭಾನುಪ್ರಕಾಶರಿಗೆ ಹೇಳಿದಳು.

ಭಾನುಪ್ರಕಾಶರ ವಾದ ಸರಳವಾಗಿತ್ತು. "ವೈರ್ ಕಿತ್ರೆ ತಾನೇ ಮರೆಯೋದು? ಕೀಳ್ಬೇಡ. ಸೆಟ್ ಮಾಡಿ ಡಿಸ್ಕ್ ಹಾಕು. ಬ್ಯಾಟ್ರಿ ನಾಳೆ ತಂದ್ರಾಯ್ತು."

"ಡಿಸ್ಕು ಸೇರೋ ಹೊತ್ತಲ್ಲಿ ಕರೆಂಟ್ ಹೋದ್ರೆ?"

"ಯುಪಿಎಸ್ ಇದೆಯಲ್ಲ."

ಎಲ್ಲರೂ ಯುಪಿಎಸ್ ಕಡೆ ನೋಡಿದರು. ಮೂಲೆಯಲ್ಲಿದ್ದ ಅದರ ಹೊಟ್ಟೆ ಉಬ್ಬಿತ್ತು. ಮಗ್ಗಗಳು ಒಟ್ಟಿಗೆ ಶುರುವಾದರೆ ಸಾಕು, ಅದು ಕಿಂಯ್ ಎಂದು ಚೀರುತ್ತಿತ್ತು. ಎರಡು ಸಲ ಚೀರುತ್ತಲೇ ಕ್ಷಣಕಾಲ ಕಣ್ಣು ಮುಚ್ಚಿತ್ತು. ಆಗ ಹೋಗಿದ್ದು ಪ್ರಮೋದಾಳ ಕಂಪ್ಯೂಟರ್ ಮಾತ್ರ, ಸರ್ವರ್ ಹೇಗೋ ಬಚಾವಾಗಿತ್ತು.

"ನೆನಪು ನಿಲ್ಲೋವರೆಗೂ ನಾನು ಡಿಸ್ಕ್ ಹಾಕಲ್ಲ ಸಾರ್," ಎಂದಳು. ತನ್ನ ದನಿ ತನಗೇ ಒರಟಾಗಿ ಕೇಳಿಸಿತು. "ಬೇಕಾದ್ರೆ ನೀವೇ ಹಾಕಿ. ಆಮೇಲೆ ನನ್ನ ಕೇಳ್ಬೇಡಿ."

ಭಾನುಪ್ರಕಾಶ್ ನಾಲ್ಕು ಡಿಸ್ಕುಗಳನ್ನು ನೋಡಿದರು. ಕೈ ಮುಂದೆ ಮಾಡಲಿಲ್ಲ. "ಹಬ್ಬದ ದಿನ ಯಾವ ಅಂಗಡಿ ತೆಗೆದಿರ್ತಾನೆ?" ಎಂದರು.

ಮುನೀಂದ್ರ ಬೈಕ್ ಹತ್ತಿ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದ. ವಾಚಿನ ಅಂಗಡಿಗೆ ಮಾವಿನೆಲೆ ಕಟ್ಟಿ ಬೀಗ ಹಾಕಿತ್ತು, ಮೊಬೈಲ್ ಅಂಗಡಿಯವನು ಕಾರಿಗೆ ಹೂವು ಹಾಕಿಕೊಂಡು ಹೆಂಡತಿಯ ಊರಿಗೆ ಹೋಗಿದ್ದ. ಅಷ್ಟರಲ್ಲಿ ಪ್ರಮೋದಾ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಸತ್ತ ಸೆಲ್ಲನ್ನು ಉಗುರಿನಿಂದ ಎಬ್ಬಿಸಿದ್ದಳು. ಎರಡು ರೂಪಾಯಿ ನಾಣ್ಯದಷ್ಟು ಇತ್ತು. ಮೇಲೆ ಕೊರೆದ ನಂಬರನ್ನು ಓದಿದಾಗ ಈ ನಂಬರನ್ನು ಎಲ್ಲೋ ನೋಡಿದ್ದೇನಲ್ಲ, ಅದೂ ಇತ್ತೀಚೆಗೆ, ಎನಿಸಿತು.

ತಲೆ ಎತ್ತಿದಳು. ಎದುರು ಗೋಡೆಗೆ ದೇವಿಯ ಪಟ. ಅದರ ಎಡಬಲದಲ್ಲಿ ಎರಡು ಪ್ಲಾಸ್ಟಿಕ್ ದೀಪಗಳು ಹಳದಿಯಾಗಿ ಮಿಣುಕುತ್ತಿದ್ದವು. ನೂಲು, ಜರಿ ಇರುವ ಕಡೆ ಎಣ್ಣೆ ದೀಪ ಹಚ್ಚಿ ಬಿಟ್ಟುಹೋಗಬಾರದೆಂದು ಭಾನುಪ್ರಕಾಶ್ ತಂದಿಟ್ಟ ಬ್ಯಾಟರಿ ದೀಪಗಳು. ನವರಾತ್ರಿ ಶುರುವಾದ ದಿನ ಅವಕ್ಕೆ ಹೊಸ ಸೆಲ್ ಹಾಕಿದ್ದು ಅವಳೇ.

"ಅದ್ರಲ್ಲಿದೆ," ಎಂದಳು.

"ಯಾವುದ್ರಲ್ಲಿ?" ಎಂದು ಅವಳ ಕಣ್ಣಿನ ದಾರಿಯಲ್ಲೇ ನೋಡಿದ ಭಾನುಪ್ರಕಾಶ್, "ಅಮ್ಮ ಕೊಲ್ತಾಳೆ," ಎಂದರು. "ಇನ್ನೂ ಕದಲಿಸಿಲ್ಲ."

ಪೂಜೆಗೆ ಕೂರಿಸಿದ ದೇವಿಯನ್ನು ಮಾರನೆಯ ದಿನ ಮಂತ್ರ ಹೇಳಿ ಒಂದಿಷ್ಟು ಸರಿಸಬೇಕು. ಅದೇ ಕದಲಿಸುವುದು. ಅಲ್ಲಿಯವರೆಗೆ ದೀಪ ಆರಬಾರದು. ಕದಲಿಸುವವರು ಗಂಗಲಕ್ಷ್ಮಮ್ಮ. ಅವರು ಮೇಲೆ ಮನೆಯ ಪೂಜೆ ಮುಗಿಸಿ, ಪಾರಾಯಣ ಮುಗಿಸಿ, ಆಮೇಲೆ ಕೆಳಗಿಳಿಯುವವರು.

ಪ್ರಮೋದಾ ಮೆಟ್ಟಿಲು ಹತ್ತಿದಳು. ಅಜ್ಜಿ ಕಾಯಿ ತುರಿಯುತ್ತಿದ್ದರು.

"ಅಜ್ಜಿ, ಕೆಳಗೆ ಬಂದು ದೇವೀನ ಕದಲಿಸ್ಬೇಕು. ಈಗ್ಲೇ."

"ಯಾಕೆ, ದೇವಿಗೆ ಬಸ್ಸು ಹೋಗ್ತದಾ?"

"ದೀಪದ ಸೆಲ್ ಬೇಕು. ಸರ್ವರ್ ಏಳ್ತಿಲ್ಲ."

ತುರಿಮಣೆ ನಿಂತಿತು. "ನಿನ್ ಡಬ್ಬಿ ಕೆಟ್ರೆ ದೇವಿ ದೀಪ ಕೇಳ್ತೀಯಲ್ಲ, ಏನ್ ಹೆಣ್ಣೇ ನೀನು?"

"ನಿನ್ನೆ ಆಫ್ ಮಾಡ್ಸಿದ್ರಲ್ಲ, ಅದಕ್ಕೇ ಕೆಟ್ಟಿದ್ದು. ಡಿಸೈನೆಲ್ಲ ಅದ್ರೊಳಗಿವೆ."

ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನಿಸಿತು. ಅಜ್ಜಿ ಅವಳನ್ನು ದಿಟ್ಟಿಸಿ ನೋಡಿದರು. ಅವರು ಗುಂಡಿ ಮಗ್ಗದ ಕಾಲದಿಂದ ನೇಯ್ದವರು, ಜಕಾರ್ಡ್ ಬಂದ ಮೇಲೆ ರಟ್ಟಿನ ಹಾಳೆಗಳನ್ನು ದಾರದಲ್ಲಿ ಹೊಲಿದವರು.

"ಎಷ್ಟು? ಈ ವರ್ಷದ್ದಾ?"

"ಎಲ್ಲಾ ವರ್ಷದ್ದೂ."

"ರಟ್ಟಿನ ಸರ ಕಿತ್ತು ನೆಲಕ್ಕೆ ಚೆಲ್ಲಿದಂಗಾ?"

"ಚೆಲ್ಲಿಲ್ಲ ಇನ್ನೂ. ಕೈಲಿ ಹಿಡ್ಕೊಂಡಿದೀನಿ."

ಅಜ್ಜಿ ಎದ್ದು ಸೆರಗು ಕೊಡವಿಕೊಂಡರು. ಮೆಟ್ಟಿಲಿಳಿಯುತ್ತ, "ನಾನು ಆಫ್ ಮಾಡ್ಸಿದ್ದು ಅಂತ ಊರ್ ತುಂಬ ಸಾರ್ಬೇಡ," ಎಂದರು. "ನೀನು ಮಾಡಲ್ಲ ಅಂತ ಗಟ್ಟಿಯಾಗಿ ಹೇಳಿದ್ರೆ ನಾನ್ ಕೇಳ್ತಿರ್ಲಿಲ್ವಾ?"

ಕೇಳುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಪಟದ ಮುಂದೆ ನಿಂತು ಅಜ್ಜಿ ತುಟಿಯಲ್ಲೇ ಏನೋ ಹೇಳಿಕೊಂಡು, ಕಳಶವನ್ನು ಉತ್ತರಕ್ಕೆ ಒಂದು ಬೆರಳಷ್ಟು ಸರಿಸಿ, ಅಕ್ಷತೆ ಹಾಕಿದರು. ಪಾರಾಯಣಕ್ಕೆ ಹಿಡಿಯುವ ಹೊತ್ತು ಇದಕ್ಕೆ ಹಿಡಿಯಲಿಲ್ಲ. ಎಡಗಡೆಯ ದೀಪವನ್ನು ತೆಗೆದು ಪ್ರಮೋದಾಳ ಕೈಯಲ್ಲಿಟ್ಟು, "ಒಂದೇ. ಇನ್ನೊಂದು ಉರೀಲಿ," ಎಂದರು.

ಹೊಸ ಸೆಲ್ ಬೋರ್ಡಿನ ಗೂಡಿನಲ್ಲಿ ಟಕ್ಕೆಂದು ಕೂತಿತು. ಪ್ರಮೋದಾ ಬಯಾಸಿನಲ್ಲಿ ತಾರೀಖು ಸರಿಮಾಡಿದಳು, ಸಣ್ಣ ಡ್ರೈವನ್ನು ಮೊದಲಿಗೆ ತಂದಳು. ಆಮೇಲೆ ಡಿಸ್ಕಿನ ಸಾಲಿಗೆ ಬಂದಳು. ಅಲ್ಲಿ ಎರಡೇ ದಾರಿಗಳಿದ್ದವು: ಡಿಸ್ಕುಗಳನ್ನು ಬೋರ್ಡೇ ಜೋಡಿಸಲಿ, ಅಥವಾ ಇದ್ದದ್ದು ಇದ್ದ ಹಾಗೆ ಬಿಡಿಬಿಡಿಯಾಗಿ ಸಿಸ್ಟಮ್ಮಿನ ಕೈಗೆ ಒಪ್ಪಿಸಲಿ. ಫ್ಯಾಕ್ಟರಿಯಿಂದ ಬಂದದ್ದು ಮೊದಲನೆಯದು. ಅವಳು ಎರಡನೆಯದಕ್ಕೆ ತಿರುಗಿಸಿ ಸೇವ್ ಮಾಡಿದಳು. ವೈರು ಕಿತ್ತಳು, ಮತ್ತೆ ಸಿಕ್ಕಿಸಿದಳು, ಒಳಗೆ ಹೋಗಿ ನೋಡಿದಳು. ಹಾಕಿದ್ದೆಲ್ಲ ಹಾಗೇ ಉಳಿದಿತ್ತು.

ಡಿಸ್ಕು ಹಾಕದೆಯೇ ಯಂತ್ರವನ್ನು ಬಿಟ್ಟಳು. ಕೆಂಪು ಚೌಕದ ಪರದೆ ಬರಲಿಲ್ಲ. ಅಕ್ಷರಗಳು ಮೇಲಕ್ಕೆ ಓಡಿದವು. ಕೊನೆಗೆ ಸಿಸ್ಟಮ್ ತನ್ನ ಹೆಸರು ಹೇಳಿಕೊಂಡು, ಕೆಳಗೆ ಒಂದು ದೂರು ಬರೆಯಿತು. ನನ್ನ ಜೋಡಣೆಯ ನಾಲ್ಕು ಡಿಸ್ಕುಗಳು ಕಾಣುತ್ತಿಲ್ಲ, ಎಂದು ನಾಲ್ಕರ ನಂಬರನ್ನೂ ಹೇಳಿತು.

ಅವಳು ಮೇಜಿನ ಕಡೆ ಬಾಗಿ ಡಿಸ್ಕುಗಳ ಮೇಲಿನ ಚೀಟಿಯ ನಂಬರು ಓದಿದಳು. ಪರದೆ ನೋಡಿದಳು. ಮತ್ತೆ ಚೀಟಿ. ಅವೇ. ಗಂಟು ಹಾಕಿದ್ದು ಇದೇ. ವೈ ಒತ್ತಿದ್ದರೆ ಈ ಗಂಟಿನ ಮೇಲೆ ಬೋರ್ಡು ತನ್ನ ಗಂಟು ಹಾಕುತ್ತಿತ್ತು. ಆಗ ಇದು ಕಾಣುತ್ತಿಲ್ಲ ಎನ್ನುತ್ತಿರಲಿಲ್ಲ, ಗುರುತಿಲ್ಲ ಎನ್ನುತ್ತಿತ್ತು.

"ಏನಾಯ್ತು?" ಎಂದರು ಭಾನುಪ್ರಕಾಶ್.

"ನೀರು ಕೊಡಿ ಸಾರ್."

ಮುನೀಂದ್ರ ತಂದುಕೊಟ್ಟ ಚೊಂಬು ಬರಿದು ಮಾಡಿ, ಯಂತ್ರ ಆರಿಸಿ, ಡಿಸ್ಕುಗಳನ್ನು ಇದ್ದ ಸಾಲಿನಲ್ಲೇ ತಳ್ಳಿದಳು. ಬೊಟ್ಟಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿದವು. ಗುಂಡಿ ಒತ್ತಿದಳು. ಈ ಸಲ ತಡವಾಯಿತು. ಡಿಸ್ಕುಗಳ ಸಣ್ಣ ಕೊರೆಯುವ ಸದ್ದು ನಿಂತು, ಮತ್ತೆ ಶುರುವಾಗಿ, ನಿಂತಿತು. ಅಜ್ಜಿ ಉರಿಯುತ್ತಿದ್ದ ಇನ್ನೊಂದು ದೀಪದ ಕಡೆಗೇ ನೋಡುತ್ತಿದ್ದರು.

ಆಮೇಲೆ ಶೆಡ್ಡಿನ ಆ ತುದಿಯಿಂದ ಒಂದು ಮಗ್ಗ ಬಿರ್ರನೆ ಒಮ್ಮೆ ಬಡಿದು ನಿಂತಿತು. ಮುನೀಂದ್ರ ಓಡಿದ. "ಬಂತು ಕಣಮ್ಮಾ! ನವಿಲು ಬಂತು! ಬಾಲಾನೂ ಐತೆ!"

ಭಾನುಪ್ರಕಾಶ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ವಿಭೂತಿಯೆಲ್ಲ ಅಂಗೈಗೆ ಬಂತು. "ಎಲ್ಲಾ ಓಡ್ಸು!" ಎಂದು ಶೆಡ್ಡಿನ ಕಡೆ ಹೊರಟರು.

"ಬೇಡ," ಎಂದಳು ಪ್ರಮೋದಾ. "ಮುಹೂರ್ತಕ್ಕೆ ಒಂದು ಸಾಕು. ಉಳಿದದ್ದು ನಾನು ನಕಲು ತೆಗೆದ ಮೇಲೆ. ಆ ಮದುವೆ ಡಿಸ್ಕ್ ಕೆಳಗೆ ತನ್ನಿ."

ಅವರು ತಂದರು. ಅವಳು ಮಾನಿಟರನ್ನು ಮತ್ತೆ ತನ್ನ ಕಂಪ್ಯೂಟರಿಗೆ ಜೋಡಿಸಿ, ಡಿಸ್ಕನ್ನೂ ಅದಕ್ಕೇ ಸಿಕ್ಕಿಸಿ ನೋಡಿದರೆ ಕಂಠಮಟ್ಟ ಮದುವೆ. ಅಳಿಸಿ ಖಾಲಿ ಮಾಡಲೇ ಎಂದು ಕಂಪ್ಯೂಟರ್ ಕೇಳಿತು.

"ಒತ್ತು, ಒತ್ತು," ಎಂದರು ಭಾನುಪ್ರಕಾಶ್. ಈಗ ಅವರಿಗೆ ಹುರುಪು ಬಂದಿತ್ತು.

"ಇದು ಬೇರೆ ಕಡೆ ಇದೆಯಾ ಸಾರ್?"

"ಇರುತ್ತೆ."

"ಇರುತ್ತೋ, ಇದೆಯೋ? ಫೋನ್ ಮಾಡಿ ಕೇಳಿ."

ಭೀಮರಾಜನ ಕೂಗು ಸ್ಪೀಕರ್ ಹಾಕದೆಯೇ ರೂಮಿಗೆಲ್ಲ ಕೇಳಿಸಿತು. ಫೋಟೋದವನ ಹತ್ತಿರ ಇಲ್ಲ, ತನ್ನ ಹತ್ತಿರವೂ ಇಲ್ಲ, ತೀರಿಹೋದ ತನ್ನ ಅಪ್ಪ ಓಡಾಡುವುದು ಇರುವುದು ಅದೊಂದರಲ್ಲೇ. ಭಾನುಪ್ರಕಾಶ್ ಫೋನನ್ನು ಕಿವಿಯಿಂದ ದೂರ ಹಿಡಿದು ಪ್ರಮೋದಾಳ ಮುಖ ನೋಡಿದರು. ಅವಳು ಎನ್ ಒತ್ತಿ ಆ ಡಿಸ್ಕನ್ನು ಕಿತ್ತು ಅವರ ಕೈಗೆ ಕೊಟ್ಟಳು.

ಮೂಲೆಯ ಯುಪಿಎಸ್ ಸಣ್ಣಗೆ ಕಿಂಯ್ ಎಂದಿತು. ಒಂದೇ ಮಗ್ಗಕ್ಕೆ.

ಅವಳು ತನ್ನ ವ್ಯಾನಿಟಿ ಬ್ಯಾಗ್ ಎಳೆದುಕೊಂಡು, ಬಾಚಣಿಗೆ, ಬಸ್ ಪಾಸು, ಟಿಫನ್ ಡಬ್ಬಿಯ ಅಡಿಯಿಂದ ಒಂದು ಪೆನ್‌ಡ್ರೈವ್ ತೆಗೆದಳು. ತಮ್ಮನ ಕಾಲೇಜಿನ ಪ್ರಾಜೆಕ್ಟಿನದು, ಮರೆತು ಬ್ಯಾಗಿನಲ್ಲೇ ಉಳಿದಿತ್ತು. ಎಲ್ಲ ಡಿಸೈನು ಹಿಡಿಸುವಷ್ಟು ಜಾಗ ಅದರಲ್ಲಿರಲಿಲ್ಲ. ಮಗ್ಗದ ಮೇಲಿರುವವು, ಮುಂದಿನ ಮದುವೆ ಸೀಸನ್ನಿನವು ಹಿಡಿಸುತ್ತಿದ್ದವು. ಅದನ್ನು ಎಲ್ಲರೆದುರಿಗೇ ಕಂಪ್ಯೂಟರಿಗೆ ಸಿಕ್ಕಿಸಿದಳು.

ಭಾನುಪ್ರಕಾಶ್ ನೋಡಿದರು. ಆ ರೂಮಿನಲ್ಲಿ ಪೆನ್‌ಡ್ರೈವ್ ಹೊರತೆಗೆದ ಕೊನೆಯ ವ್ಯಕ್ತಿ ಕಾಂತರಾಜು. ಅವರ ಬಾಯಿ ತೆರೆಯಿತು. ಫೈಲುಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಹಾದುಹೋಗತೊಡಗಿದವು.

"ಸಂಜೆ ಅದನ್ನ ಬ್ಯಾಗಿಗೆ ಹಾಕ್ಕೊಂಡು ಹೋಗ್ಬೇಡ," ಎಂದರು ಕೊನೆಗೆ. "ಅಮ್ಮನ ಕೈಗೆ ಕೊಡು. ದೇವರ ಪೆಟ್ಟಿಗೇಲಿ ಇಟ್ಟು ಬೀಗ ಹಾಕ್ಲಿ."

"ನಂಗ್ಯಾಕಪ್ಪಾ ಅದೆಲ್ಲ," ಎಂದರು ಗಂಗಲಕ್ಷ್ಮಮ್ಮ. "ಆಮೇಲೆ ಅದಕ್ಕೂ ಏನಾದ್ರೂ ಆದ್ರೆ ನಾನೇ ಮಾಡ್ದೆ ಅಂತೀರಿ." ಆದರೂ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಪ್ರಮೋದಾಳ ಪಕ್ಕದಲ್ಲೇ ಕೂತರು.

ನಕಲು ಅರ್ಧಕ್ಕೆ ಬಂದಿತ್ತು. ಪ್ರಮೋದಾ ಪರದೆಯನ್ನು ನೋಡುತ್ತಿರಲಿಲ್ಲ. ಅವಳ ಕಿವಿ ಯುಪಿಎಸ್ಸಿನ ಕಡೆಗಿತ್ತು.